ಗಂಟಿಲ್ಲದ ನೀರು

1981ನೇ ಇಸವಿ ಜನವರಿ 19, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ.

ಯಲಹಂಕದ ರೇಷ್ಮೆ ನೂಲಿನ ಬಣ್ಣದ ಕಾರ್ಖಾನೆಯ ಉಗ್ರಾಣದ ಮುಂದೆ ಅಲಮೇಲು ಕೀಲಿ ಹಿಡಿದು ನಿಂತಿದ್ದಳು. ಎದುರಿಗೆ... ಬಾಗಿಲು ಆಗಲೇ ತೆರೆದಿತ್ತು.

ಶನಿವಾರ ಸಂಜೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಹೋದವಳು ತಾನೇ. ಇದಕ್ಕೆ ಇನ್ನೊಂದು ಕೀಲಿ ಇದೆಯೆಂದು ಈ ಹತ್ತು ತಿಂಗಳಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಒಳಗೆ, ಡ್ರಮ್ಮಿನ ಮುಚ್ಚಳ ತೆಗೆದು, ಬಿಳಿ ಪುಡಿಯನ್ನು ಬೆರಳ ನಡುವೆ ತಿಕ್ಕಿ ನೋಡುತ್ತಾ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ದಪ್ಪ ಚಪ್ಪಲಿ.

"ಯಾರ್ರೀ ನೀವು? ಒಳಗೆ ಹೇಗೆ ಬಂದ್ರಿ?"

ಅವನು ಗಾಬರಿಯಾಗಲಿಲ್ಲ. ಜೇಬಿನಿಂದ ಒಂದು ಕೀಲಿ ತೆಗೆದು ತೋರಿಸಿದ. ಅವಳ ಕೈಯಲ್ಲಿದ್ದುದರ ಅವಳಿಜವಳಿ!

"ಯಜಮಾನರು ಕೊಟ್ಟಾರ್ರಿ" ಎಂದ. ಆಮೇಲೆ ಡ್ರಮ್ಮುಗಳ ಕಡೆ ತಿರುಗಿ, "ಇದರಾಗ ಏನದ?" ಎಂದು ಕೇಳಿದ.

"ವಾಷಿಂಗ್ ಸೋಡಾ."

"ಮತ್ತ ಇದರಾಗ?"

"ಗ್ಲಾಬರ್ ಉಪ್ಪು. ಬಣ್ಣದ ತೊಟ್ಟಿಗೆ ಹಾಕೋದು."

"ಎರಡೂ ಬೆಳ್ಳಗ ಅವ. ಮ್ಯಾಲ ಚೀಟಿ ಇಲ್ಲ. ಹ್ಯಾಂಗ ಗೊತ್ತಾಗ್ತದ?"

"ತುಂಬಿಸಿದೋಳು ನಾನು. ನನಗೆ ಗೊತ್ತಿರತ್ತೆ."

"ನೀವು ಒಂದಿನ ಬರದಿದ್ರ?"

ಅಲಮೇಲು ಮುಚ್ಚಳ ಎತ್ತಿಕೊಂಡು ಡ್ರಮ್ಮಿನ ಬಾಯಿ ಮುಚ್ಚಿದಳು. ಅವನು ಕೇಳಿದ್ದು ಸರಿ ಎಂಬುದೇ ಅವಳ ಸಿಟ್ಟಿಗೆ ಕಾರಣವಾಯಿತು.

ಅವನ ಹೆಸರು ಶಿವಶರಣಪ್ಪ. ಶಹಾಪುರದ ಕಡೆಯವನು, ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದವನು, ಕಾರ್ಖಾನೆಗೆ ಹೊಸದಾಗಿ ಬಂದ ಕೆಮಿಸ್ಟ್. ಹತ್ತು ಗಂಟೆಗೆ ಯಜಮಾನ ಜಯಸಿಂಹ ಬಂದು ಇದನ್ನೆಲ್ಲ ಹೇಳಿ ಪರಿಚಯ ಮಾಡಿಸಿದರು. ಎರಡನೆಯ ಕೀಲಿಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಅಲಮೇಲುವೂ ಕೇಳಲಿಲ್ಲ.

ಕೇಳದಿರಲು ಕಾರಣವಿತ್ತು.

ಹಿಂದಿನ ವರ್ಷದ ಮಾರ್ಚ್ ಕೊನೆಯಲ್ಲಿ, ಉಗ್ರಾಣದ ಮಾಲನ್ನೆಲ್ಲ ತೂಗಿ ಲೆಕ್ಕ ಹಾಕುವ ದಿನ, ಸೋಡಾ ಮೂಟೆಗಳು ತೂಕ ಕಡಿಮೆ ಬಂದಿದ್ದವು. ಆಗ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಮುನಿಗಂಗಪ್ಪ ಎಂಬ ವಯಸ್ಸಾದವರು. ಅವರು ಹೊಸ್ತಿಲು ಮುಟ್ಟಿ ಆಣೆ ಮಾಡಿದರು. ಯಾರೂ ನಂಬಲಿಲ್ಲ. ಅದೇ ಸಂಜೆ ಅವರನ್ನು ಮನೆಗೆ ಕಳಿಸಿ, ಬಿಲ್ಲು ಬರೆಯುತ್ತಿದ್ದ ಅಲಮೇಲುವಿಗೆ ಉಗ್ರಾಣದ ಕೀಲಿ ಕೊಟ್ಟಿದ್ದರು.

ಅಲಮೇಲುವೂ ನಂಬಿರಲಿಲ್ಲ. ಸಂತೆ ಬೀದಿಯಲ್ಲಿ ಮುನಿಗಂಗಪ್ಪ ಎದುರಾದರೆ ಅವಳು ಆಚೆ ಬದಿಗೆ ದಾಟಿಕೊಳ್ಳುತ್ತಿದ್ದಳು.

ಈಗ ಮತ್ತೊಂದು ಮಾರ್ಚ್ ಬರುತ್ತಿತ್ತು.

ಆರ್.ಟಿ. ನಗರದ ಮನೆಯಲ್ಲಿ ಅವಳು, ಅಪ್ಪ ಸೇತುರಾಮ, ಇಬ್ಬರೇ. ಅಪ್ಪ ಯಶವಂತಪುರದ ರೈಲ್ವೆ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದವರು. ಮಗಳು ಕೆಲಸಕ್ಕೆ ಹೋಗುವುದನ್ನು ನೆಂಟರಿಷ್ಟರು ಆಡಿಕೊಂಡಾಗಲೆಲ್ಲ, ನನ್ನ ಮಗಳ ಕೈಯಲ್ಲಿ ಒಂದು ಕಾರ್ಖಾನೆಯ ಕೀಲಿ ಇದೆ ಎಂದು ತಿರುಗಿಸಿ ಹೇಳುತ್ತಿದ್ದರು. ಕಳ್ಳಿ ಎಂಬ ಹೆಸರು ಹೊತ್ತು ಆ ಮನೆಯ ಬಾಗಿಲು ತಟ್ಟುವುದೆಂದರೆ... ಅಲಮೇಲು ಆ ಯೋಚನೆಯನ್ನು ಅಲ್ಲಿಗೇ ಬಿಡುತ್ತಿದ್ದಳು.

ಅದೇ ವಾರ ಹೊಸ ಸೋಡಾ ಬಂತು. ಕಲ್ಲುಸಕ್ಕರೆಯಂತೆ ತಿಳಿಯಾದ ಹರಳುಗಳು, ಗೋಣಿಚೀಲಕ್ಕೆ ಐವತ್ತು ಕಿಲೋ. ಜಾಗವಿಲ್ಲದೆ ಅವನ್ನು ಒಳಕೋಣೆಯಲ್ಲಿ, ನೂಲು ಬೇಯಿಸುವ ಷೆಡ್ಡಿಗೆ ತಾಗಿದ ಗೋಡೆಗೆ ಒರಗಿಸಿದರು.

*

ಇನ್ನು ಮೇಲೆ ಪ್ರತಿ ಡ್ರಮ್ಮಿನ ಮೇಲೂ ಹೆಸರಿನ ಜೊತೆಗೆ ರಾಸಾಯನಿಕ ಸೂತ್ರ ಬರೆದಿರಬೇಕು ಎಂದು ಶಿವಶರಣಪ್ಪ ನಿಯಮ ಮಾಡಿದ. ತಾನು ಇತಿಹಾಸ ಓದಿ ಬಿ.ಎ. ಮಾಡಿದವಳು, ಸೂತ್ರಗೀತ್ರ ಬರುವುದಿಲ್ಲ ಎಂದು ಅಲಮೇಲು ಕಡ್ಡಿ ಮುರಿದಂತೆ ಹೇಳಿದಳು. ಹಾಗಾದರೆ ಊಟದ ಹೊತ್ತಿನಲ್ಲಿ ಕಲಿಸುತ್ತೇನೆ ಎಂದು ಅವನು ಅಷ್ಟೇ ಸಲೀಸಾಗಿ ಹೇಳಿದ.

*ಇವರಿಗ್ಯಾಕೆ ನನಗೆ ಕಲಿಸೋ ಉಸಾಬರಿ?* ಅವಳಿಗೆ ಮೊದಲು ಹುಟ್ಟಿದ್ದು ಇದೇ ಪ್ರಶ್ನೆ.

ಪಾಠ ನಡೆದದ್ದು ಬೇಯಿಸುವ ಷೆಡ್ಡಿನ ಹೊರಗಿನ ಕಲ್ಲುಬೆಂಚಿನ ಮೇಲೆ. ಸೀಮೆಸುಣ್ಣವಿಲ್ಲ, ಹಲಗೆಯಿಲ್ಲ. ಅವನು ಕತ್ತರಿಸಿ ಎಸೆದ ರೇಷ್ಮೆ ಎಳೆಗಳನ್ನು ತಂದು ಬೆಂಡಿನ ಚೂರುಗಳಿಗೆ ಕಟ್ಟಿದ್ದ. ಸೋಡಿಯಂ ಎಂದು ಬರೆದ ಬೆಂಡಿಗೆ ಒಂದು ಎಳೆ. ಕ್ಲೋರಿನ್‌ಗೆ ಒಂದು. ಕಾರ್ಬೊನೇಟ್ ಎಂಬ ಗುಂಪಿಗೆ ಎರಡು.

ನಿಯಮ ಒಂದೇ: ಎಲ್ಲ ಎಳೆಗಳಿಗೂ ಗಂಟು ಬೀಳಬೇಕು, ಒಂದೂ ನೇತಾಡಬಾರದು. ಸೋಡಿಯಂ, ಕ್ಲೋರಿನ್ ಒಂದಕ್ಕೊಂದು ಗಂಟು ಹಾಕಿದರೆ ಮುಗಿಯಿತು; ಅದು ಅಡುಗೆ ಉಪ್ಪು, NaCl. ಕಾರ್ಬೊನೇಟಿಗೆ ಎರಡು ಎಳೆ ಇರುವುದರಿಂದ ಅದಕ್ಕೆ ಎರಡು ಸೋಡಿಯಂ ಬೇಕು. ಹಾಗಾಗಿ ಸೋಡಾದ ಸೂತ್ರ Na₂CO₃.

"ಉಪ್ಪಿನಾಗ ಒಬ್ಬರು ಕೊಡ್ತಾರ, ಇನ್ನೊಬ್ಬರು ತಗೋತಾರ" ಎಂದ ಅವನು. "ಇವರ ಕಡೆ ಎಷ್ಟು ಕಮ್ಮಿ ಆಯ್ತೋ ಅವರ ಕಡೆ ಅಷ್ಟು ಸಿಗಬೇಕು. ಕೂಡಿಸಿದ್ರ ಸೊನ್ನೆ ಬರಬೇಕು."

"ಬರದಿದ್ರೆ?"

"ಬರದಿದ್ರ ನಾವು ಬರೆದದ್ದು ತಪ್ಪು."

ಅವಳಿಗೆ ಇದು ಬೇಗ ಹಿಡಿಯಿತು. ಕೊಟ್ಟದ್ದು, ತೆಗೆದುಕೊಂಡದ್ದು ಸರಿಹೋಗುವವರೆಗೆ ಬಿಡದಿರುವುದು ಉಗ್ರಾಣದವಳಿಗೆ ಹೊಸದೇನಲ್ಲವಲ್ಲ. ಎರಡು ವಾರದಲ್ಲಿ ಅವಳು ಕ್ಯಾಲ್ಸಿಯಂ, ಅಲ್ಯುಮಿನಿಯಂ, ಸಲ್ಫೇಟ್‌ಗಳನ್ನೆಲ್ಲ ಕಟ್ಟತೊಡಗಿದಳು. ಎರಡೂ ಕಡೆ ಸಂಖ್ಯೆ ದೊಡ್ಡದಾದರೆ ಭಾಗಿಸಿ ಚಿಕ್ಕದು ಮಾಡುವುದನ್ನೂ ಕಲಿತಳು.

ಹಾಗೆ ಭಾಗಿಸಿಯೇ ಒಂದು ದಿನ ಮುಗ್ಗರಿಸಿದಳು. ರೇಷ್ಮೆ ಬಿಳುಪು ಮಾಡಲು ಬಳಸುವ ಹೈಡ್ರೋಜನ್ ಪೆರಾಕ್ಸೈಡಿಗೆ H₂O₂ ಎಂದು ಅವನು ಹೇಳಿದ್ದನ್ನು ಎರಡರಿಂದ ಭಾಗಿಸಿ, ಕ್ಯಾನಿನ ಮೇಲೆ ಅಂದವಾಗಿ HO ಎಂದು ಬರೆದುಬಿಟ್ಟಿದ್ದಳು.

ಅವನು ನಗಲಿಲ್ಲ. ಬೆಂಚಿನ ಮೇಲೆ ಎರಡು ಆಕ್ಸಿಜನ್ ಬೆಂಡುಗಳನ್ನಿಟ್ಟು, ಒಂದರ ಎಳೆಯನ್ನೂ ಇನ್ನೊಂದರ ಎಳೆಯನ್ನೂ ಸೇರಿಸಿ ಹುರಿ ಮಾಡಿದ.

"ಭಾಗಿಸೋದು ಉಪ್ಪುಗಳಿಗೆ ಹೇಳಿದ ಮಾತುರೀ. ಇದು ಉಪ್ಪಲ್ಲ. ಇಲ್ಲಿ ಯಾರೂ ಕೊಡಂಗಿಲ್ಲ, ಯಾರೂ ತಗೋಳಂಗಿಲ್ಲ. ಇಬ್ಬರೂ ಒಂದೊಂದು ಎಳಿ ಹಾಕಿ, ಆ ಹುರಿ ಇಬ್ಬರದೂ ಅಂತ ಹಿಡ್ಕೊಂಡಿರ್ತಾರ. ಎಷ್ಟು ಮಂದಿ ಕೈ ಹಿಡದಾರೋ ಅಷ್ಟನ್ನೂ ಬರೀಬೇಕು. ಒಬ್ಬರನ್ನ ಬಿಟ್ರೂ ಅದು ಅದಲ್ಲ."

ಹುರಿಯ ಒಂದು ತುದಿಯನ್ನು ಹಿಡಿಯಲು ಅವನು ಅವಳಿಗೆ ಕೊಟ್ಟಿದ್ದ. ಅವಳು ಕೈ ತೆಗೆಯುವುದನ್ನು ಮರೆತಿದ್ದಳು.

ಒದ್ದೆ ನೂಲಿನ ಲಡಿಗಳನ್ನು ಹೆಗಲ ಮೇಲೆ ಹೊತ್ತು ಅತ್ತ ಬಂದ ಸೊಣ್ಣಮ್ಮ ನಿಂತು ನೋಡಿದಳು. ಆ ಷೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ನೂಲು ಬೇಯಿಸುವ ಹೆಂಗಸು, ಯಾರಿಗೂ ಹೆದರುವವಳಲ್ಲ.

"ಏನವ್ವಾ ಅಲಮೇಲಮ್ಮ, ಬರೀ ದಾರದಾಗೇ ಸಂಸಾರ ಕಟ್ಟಾಕಿದ್ರಾ ಇಬ್ರೂವೆ? ಇಂಗೇ ಓದ್ರೆ ಯುಗಾದಿಗೆ ನಮ್ಗೆ ಒಬ್ಬಟ್ಟು ಗ್ಯಾರಂಟಿ ಬುಡು."

ಅಲಮೇಲು ಕೈ ಹಿಂದಕ್ಕೆ ಎಳೆದುಕೊಂಡಳು. ಕಿವಿಯವರೆಗೂ ಬಿಸಿ. ಶಿವಶರಣಪ್ಪ ಬೆಂಡುಗಳನ್ನು ಆಯ್ದು ಜೇಬಿಗೆ ಹಾಕಿಕೊಳ್ಳುತ್ತಾ ಮೊದಲ ಸಲ ಮಾತು ತಡವರಿಸಿದ.

ಅಂದು ಹೆಬ್ಬಾಳದ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತ ಅವಳು ತನ್ನಷ್ಟಕ್ಕೆ ನಕ್ಕಳು. ಆ ನಗು ಉಳಿದದ್ದು ಮಾರನೆಯ ದಿನದವರೆಗೆ ಮಾತ್ರ.

*

ಮಾರನೆಯ ದಿನ ಯಜಮಾನರ ಕೋಣೆಗೆ ಕಾಗದಕ್ಕೆ ಸಹಿ ಹಾಕಿಸಲು ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಶಿವಶರಣಪ್ಪನ ಬೆನ್ನು ಕಂಡಿತು; ಎದುರಿನಿಂದ ಜಯಸಿಂಹರ ದನಿ.

"ಆ ಹುಡುಗಿ ಮೇಲೆ ಒಂದು ಕಣ್ಣಿರಲಿ ಕಣ್ರೀ. ಮುನಿಗಂಗಪ್ಪನೂ ನೋಡೋಕೆ ಸಾಧುವಾಗೇ ಇದ್ದ."

ಅವಳು ಕಾದಳು... ಅವನು ಏನಾದರೂ ಹೇಳುತ್ತಾನೆ, ಹೇಳಲೇಬೇಕು.

"ಆಗ್ಲಿ ಸರ್" ಎಂದ ಶಿವಶರಣಪ್ಪ.

ಅಲಮೇಲು ಸಹಿ ಹಾಕಿಸದೆ ಹಿಂತಿರುಗಿದಳು.

ಎಳೆ, ಬೆಂಡು, ಹುರಿ... ಎಲ್ಲ ಇದಕ್ಕೇ! ಪಕ್ಕದಲ್ಲಿ ಕೂರಿಸಿಕೊಂಡು, ಮಾತಿಗೆಳೆದು, ಬಾಯಿ ಬಿಡಿಸುವುದಕ್ಕೆ.

ಆದರೂ ಅವಳು ಪಾಠ ಬಿಡಲಿಲ್ಲ. ಬಿಟ್ಟರೆ ಅವನಿಗೆ ಅನುಮಾನ ಬರುತ್ತದೆ. *ಅವರು ನನ್ನ ನೋಡೋದಾದ್ರೆ ನಾನೂ ಅವರನ್ನ ನೋಡ್ತೀನಿ.* ಎಂದಿನಂತೆ ಬೆಂಚಿಗೆ ಬಂದಳು, ಎಂದಿನಂತೆ ಗಂಟು ಹಾಕಿದಳು. ಅವನು ಕಾರ್ಬನ್ನಿನ ನಾಲ್ಕು ಕೈಗಳ ಬಗ್ಗೆ ಹೇಳುತ್ತಿದ್ದರೆ ಇವಳು ಅವನ ಅಂಗಿಯ ತೋಳಿನ ಮೇಲೆ ಬಿಳಿ ಪುಡಿ ಇದೆಯೇ ಎಂದು ನೋಡುತ್ತಿದ್ದಳು.

ಒಂದು ದಿನ ಇತ್ತು.

ಅದೇ ವಾರ ಕಸ ಗುಡಿಸಲು ಸೋಡಾ ಮೂಟೆಯನ್ನು ಪಕ್ಕಕ್ಕೆ ಎಳೆದಾಗ ಅದು ಅವಳು ಎಣಿಸಿದ್ದಕ್ಕಿಂತ ಸುಲಭವಾಗಿ ಜರುಗಿತು. ಕೀಲಿ ಇರುವುದು ಇಬ್ಬರಲ್ಲಿ. ತಾನು ತೆಗೆದಿಲ್ಲ. ಹಾಗಾದರೆ...

ಯಜಮಾನರ ನಂಬಿಕೆಯ ಮನುಷ್ಯನೇ ಸೋಡಾ ಹೊರಗೆ ಸಾಗಿಸಿ, ಮಾರ್ಚ್ ಕೊನೆಗೆ ತನ್ನ ಮೇಲೆ ಹಾಕುವ ಹುನ್ನಾರವೇ? ಹೋದ ವರ್ಷ ಅವನಿರಲಿಲ್ಲ, ನಿಜ. ಆದರೆ ಹೋದ ವರ್ಷದ ಕಥೆ ಅವನಿಗೆ ಗೊತ್ತಿತ್ತು. ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಆಸರೆ ಬೇಕೇ?

ಅವಳು ಪ್ರತಿ ಮೂಟೆಯ ಬಾಯನ್ನೂ ಬಿಚ್ಚಿ, ತಾನು ಜಡೆಗೆ ರಿಬ್ಬನ್ ಕಟ್ಟುವಂತೆ ಎರಡು ಕುಣಿಕೆ ಹಾಕಿ ಮತ್ತೆ ಕಟ್ಟಿದಳು.

ಮಾರ್ಚ್ ಮೊದಲ ವಾರ ಅವಳಿಗೆ ಜ್ವರ ಬಂತು. ಕೀಲಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ದಿನಬಳಕೆಯ ಡ್ರಮ್ಮುಗಳನ್ನು ಮೊದಲೇ ತುಂಬಿಸಿದ್ದರಿಂದ ಯಾರೂ ಕೀಲಿ ಕೇಳಿ ಬರಲಿಲ್ಲ.

ಬಂದವನು ಶಿವಶರಣಪ್ಪ, ಒಂದು ಚೀಲ ಮೂಸಂಬಿ ಹಿಡಿದುಕೊಂಡು. ಅಪ್ಪ ಅವನನ್ನು ಕೂರಿಸಿ ಕಾಫಿ ಕೊಟ್ಟರು. ಪಾರ್ಸೆಲ್ ಆಫೀಸಿನ ಕಥೆಗಳನ್ನು ಹೇಳಿದರು. ಅವನು ಹೊರಟ ಮೇಲೆ, ಒಳ್ಳೇ ಹುಡುಗ, ಕೂತ ಕಡೆ ಕಾಲು ಅಲ್ಲಾಡಿಸೋದಿಲ್ಲ ಎಂದು ಮೆಚ್ಚಿಕೊಂಡರು.

ಒಳಕೋಣೆಯಲ್ಲಿ ಕಂಬಳಿ ಹೊದ್ದಿದ್ದ ಅಲಮೇಲು ಬಾಗಿಲ ಸಂದಿಯಿಂದ ಅವನನ್ನು ನೋಡಿದ್ದಳು. *ನಿಜವಾಗ್ಲೂ ಜ್ವರ ಇದೆಯಾ ಅಂತ ತಪಾಸಣೆಗೆ ಬಂದಿದ್ದಾರೆ.* ಹಾಗೆಂದುಕೊಂಡರೂ ಮೂಸಂಬಿ ತಿಂದಳು. ಅದು ಸಿಹಿಯಾಗಿತ್ತು. ಅದಕ್ಕೂ ಕೋಪ ಬಂತು.

*

ಕೆಲಸಕ್ಕೆ ಮರಳಿದ ದಿನ ಅವಳು ಮೊದಲು ಹೋದದ್ದು ಒಳಕೋಣೆಗೆ.

ಗೋಡೆಯ ಪಕ್ಕದ ಮೊದಲ ಮೂಟೆಯ ಬಾಯಿಗೆ ಎರಡು ಕುಣಿಕೆಯ ಗಂಟು ಇರಲಿಲ್ಲ. ಬೇರೆಯದೇ ಒಂದು ಗಂಟು ಇತ್ತು: ಮೂರು ಸುತ್ತು, ತುದಿ ಒಳಗೆ ತುರುಕಿದ್ದು. ತನ್ನೂರಿನಲ್ಲಿ ತನ್ನಪ್ಪ ಹತ್ತಿಯ ದೊಡ್ಡ ಅಂಡಿಗೆಗಳಿಗೆ ಹಾಕುತ್ತಿದ್ದ ಗಂಟು ಎಂದು ಶಿವಶರಣಪ್ಪ ಒಮ್ಮೆ ಬೆಂಚಿನ ಮೇಲೆ ಅದನ್ನೇ ಕಟ್ಟಿ ತೋರಿಸಿದ್ದ.

ಅವಳು ನೇರ ಪ್ರಯೋಗಾಲಯಕ್ಕೆ ಹೋದಳು. ಅದು ಕಾರ್ಖಾನೆಯ ಮೂಲೆಯ ಒಂದು ಸಣ್ಣ ಕೋಣೆ. ತಕ್ಕಡಿ, ಸ್ಟೌವ್, ಒಂದಷ್ಟು ಸೀಸೆ.

"ನಾನಿಲ್ಲದ ವಾರ ಸೋಡಾ ಮೂಟೆ ಬಿಚ್ಚಿದ್ದು ಯಾರು?"

ಅವನು ತಲೆಯೆತ್ತಿದ. "ನಾನ."

"ಯಾಕೆ?"

ಅವನು ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟ. "ಹೇಳ್ತೀನ್ರಿ" ಎಂದ ಕೊನೆಗೆ. "ಇವತ್ತಲ್ಲ."

"ಬೇಡ. ಇನ್ನು ನನಗೆ ಯಾವ ಪಾಠಾನೂ ಬೇಡ."

ಅವಳು ಯಜಮಾನರ ಕೋಣೆಯ ಮೆಟ್ಟಿಲವರೆಗೆ ಒಂದೇ ಉಸಿರಿಗೆ ನಡೆದಳು. ಗಂಟು ಬದಲಾಗಿದೆ, ಅವನೇ ಒಪ್ಪಿದ್ದಾನೆ, ಇನ್ನೇನು ಬೇಕು? ಆದರೆ ಮೆಟ್ಟಿಲ ಮೇಲೆ ಕಾಲು ನಿಂತಿತು. ಹೋದ ವರ್ಷವೂ ಹೀಗೇ ಎಲ್ಲರ ಕೈಯಲ್ಲೂ ಪುರಾವೆ ಇತ್ತು. ಕಡಿಮೆಯಾದ ತೂಕ, ಒಬ್ಬನ ಕೈಯಲ್ಲಿ ಕೀಲಿ, ಒಬ್ಬ ಮುದುಕ ಹೊಸ್ತಿಲು ಮುಟ್ಟಿದ್ದು...

ಹೊಸ್ತಿಲು ಮುಟ್ಟಿ ಎದ್ದ ಮುನಿಗಂಗಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ್ದು ಅವಳಿಗೆ ಇಂದು ನೆನಪಾಯಿತು. ಅವಳು ಹಿಂತಿರುಗಿದಳು.

ಆಮೇಲಿನ ದಿನಗಳಲ್ಲಿ ಇಬ್ಬರೂ ಮಾತಾಡಲಿಲ್ಲ. ಬೆಂಚಿನ ಮೇಲೆ ಸೊಣ್ಣಮ್ಮ ಒಬ್ಬಳೇ ಕೂತು ಮುದ್ದೆ ಉಂಡಳು. ಯಾಕವ್ವಾ, ದಾರ ಕಿತ್ತೋಯ್ತಾ ಎಂದು ಒಂದು ಸಲ ಕೇಳಿದಳು. ಅಲಮೇಲುವಿನ ಮುಖ ನೋಡಿ ಮತ್ತೆ ಕೇಳಲಿಲ್ಲ.

*

ಮಾರ್ಚ್ 23ರಂದು ಪ್ರಯೋಗಾಲಯಕ್ಕೆಂದು ಪೇಟೆಯಿಂದ ಸೀಸೆಗಳ ಪೆಟ್ಟಿಗೆ ಬಂತು. ಒಂದೊಂದಾಗಿ ತೆಗೆದು ನೋಡುತ್ತಿದ್ದ ಅಲಮೇಲು ಒಂದು ಸೀಸೆಯ ಮುಂದೆ ನಿಂತಳು. ಒಳಗೆ ಅದೇ ಕಲ್ಲುಸಕ್ಕರೆಯಂಥ ಹರಳು. ಆದರೆ ಮೇಲೆ ಅಚ್ಚಾಗಿದ್ದ ಸೂತ್ರ ಅವಳು ಕಲಿತದ್ದಾಗಿರಲಿಲ್ಲ.

Na₂CO₃·10H₂O

Na₂CO₃ ಸರಿ. ಆ ಚುಕ್ಕೆ ಏನು? ಹತ್ತು ನೀರು ಎಲ್ಲಿಂದ ಬಂತು?

ಮೊದಲು ಹೊಳೆದದ್ದು, ಇದನ್ನೂ ನನ್ನಿಂದ ಮುಚ್ಚಿಟ್ಟಿದ್ದಾರೆ ಎಂದು. ಆಮೇಲೆ, ಅವನ ಮೇಲಿನ ಸಿಟ್ಟಿಗಿಂತ ಸೂತ್ರದ ಮೇಲಿನ ಕುತೂಹಲ ದೊಡ್ಡದಾಯಿತು. ಅವಳು ನೆಲದ ಮೇಲೆ ಕುಳಿತು ಹಳೆಯ ಚೀಲದ ಎಳೆಗಳನ್ನು ಕಿತ್ತು ಗಂಟು ಹಾಕತೊಡಗಿದಳು.

ಎರಡು ಸೋಡಿಯಂ, ಒಂದು ಕಾರ್ಬೊನೇಟ್. ಎಲ್ಲ ಎಳೆಗೂ ಗಂಟು ಬಿತ್ತು, ಒಂದೂ ಬಿಡುವಿಲ್ಲ.

ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ನೀರು. ಅಲ್ಲಿಯೂ ಒಂದೂ ಬಿಡುವಿಲ್ಲ.

ಹಾಗಾದರೆ ಆ ಹತ್ತು ನೀರು ಸೋಡಾವನ್ನು ಹಿಡಿದುಕೊಂಡಿರುವುದು ಯಾವ ಎಳೆಯಿಂದ? ಅವಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ತಾನು ಕಲಿತ ಯಾವ ಗಂಟೂ ಅಲ್ಲಿರಲಿಲ್ಲ. ಇದ್ದದ್ದು ಬರೀ ಒಂದು ಚುಕ್ಕೆ. ನೀರು ಸೋಡಾದ ಪಕ್ಕ ಸುಮ್ಮನೆ ಬಂದು ಕೂತಿತ್ತು.

ಸುಮ್ಮನೆ ಕೂತದ್ದು... ಎದ್ದು ಹೋಗಲೂಬಹುದಲ್ಲ?

ಅಲಮೇಲು ಒಳಕೋಣೆಗೆ ಓಡಿದಳು. ಬೇಯಿಸುವ ಷೆಡ್ಡಿಗೆ ತಾಗಿದ ಗೋಡೆಗೆ ಅಂಗೈ ಒತ್ತಿದಳು; ಕಾದ ಹಂಚಿನಷ್ಟಲ್ಲದಿದ್ದರೂ ಬಿಸಿ. ಮೂಟೆಯ ಬಾಯಿ ಬಿಚ್ಚಿದಳು. ಮೇಲೆ ಹಿಟ್ಟಿನಂಥ ಬಿಳಿ ಪುಡಿ. ಅದನ್ನು ಸರಿಸಿ ಮೊಣಕೈವರೆಗೆ ಕೈ ಇಳಿಸಿ ನಡುವಿನಿಂದ ಒಂದು ಗಟ್ಟಿ ತೆಗೆದಳು. ತಿಳಿಯಾದ ಹರಳು, ಬಂದ ದಿನ ಹೇಗಿತ್ತೋ ಹಾಗೆ.

ಇಷ್ಟು ದಿನ ಅವಳು ಆ ಪುಡಿಯನ್ನು ಧೂಳೆಂದು ಗುಡಿಸುತ್ತಿದ್ದಳು.

*

"ಹತ್ತು ನೀರು ಎಷ್ಟು ತೂಗತ್ತೆ?" ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಕೇಳಿದಳು.

ಶಿವಶರಣಪ್ಪ ಅವಳ ತೋಳಿಗೆ ಮೆತ್ತಿದ್ದ ಪುಡಿಯನ್ನು ನೋಡಿದ.

"ನೂರು ಗ್ರಾಂ ಹರಳಿನಾಗ ಅರವತ್ಮೂರು ಗ್ರಾಂ ನೀರೇ ಅದ. ಗಾಳಿಗಿಟ್ರ ಅದರಾಗ ಬಹಳಷ್ಟು ಹಾರಿ ಹೋಗ್ತದ."

ಅವಳು ಕುರ್ಚಿ ಎಳೆದುಕೊಂಡು ಕುಳಿತಳು. "ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾವಾಗಿನಿಂದ?"

ಆಗ ಅವನು ಎಲ್ಲವನ್ನೂ ಹೇಳಿದ. ಯಜಮಾನರು ಹೇಳಿದ ದಿನದಿಂದ ಪ್ರತಿ ಶನಿವಾರ, ಅವಳು ಬಸ್ಸಿಗೆ ಹೊರಟ ಮೇಲೆ, ಗೋಡೆ ಪಕ್ಕದ ಆ ಮೂಟೆಯನ್ನು ತೂಗುತ್ತಿದ್ದ. ಜ್ವರದ ವಾರ ಅದರ ಬಾಯನ್ನೂ ಬಿಚ್ಚಿ ನೋಡಿದ್ದ. ವಾರವಾರವೂ ಸುಮಾರು ಅರ್ಧ ಕಿಲೋ ಇಳಿಯುತ್ತಿತ್ತು. ಕಾಲೇಜಿನಲ್ಲಿ ಅವನು ಸೋಡಾ ನೋಡಿದ್ದು ಬಿಗಿಯಾದ ಬಿರಡೆಯ ಸೀಸೆಯಲ್ಲಿ; ಗೋಣಿಚೀಲದಲ್ಲಿ, ಒಲೆಯ ಗೋಡೆಯ ಪಕ್ಕ, ಅಲ್ಲ. ಹಾಗಾಗಿ ಅವನಿಗೂ ಮೊದಲು ಹೊಳೆದದ್ದು ಕಳ್ಳತನವೇ.

"ಅಂದ್ರೆ ನನ್ನ ಮೇಲೆ ಅನುಮಾನ ಪಟ್ರಿ."

"ಪಟ್ಟೆ." ಅವನು ದೃಷ್ಟಿ ತಗ್ಗಿಸಲಿಲ್ಲ. "ನಿಮಗ ಜ್ವರ ಬಂದ ವಾರನೂ ಅಷ್ಟೇ ಇಳೀತು. ನಿಮ್ಮ ಕೀಲಿ ನಿಮ್ಮ ಮನ್ಯಾಗ ಇತ್ತು. ಕಳ್ಳ ಅಂತ ಯಾರಾದ್ರೂ ಇದ್ರ ಅದು ನಾನ ಆಗಬೇಕಿತ್ತು. ಆವಾಗ ತಿಳೀತು, ಹೋಗಿದ್ದು ನೀರು ಅಂತ."

"ಮನೆಗೆ ಬಂದಿದ್ದು?"

"ಖರೇನ ಜ್ವರ ಅದನೋ ಇಲ್ಲೋ ನೋಡ್ಲಿಕ್ಕೆ ಬಂದಿದ್ದೆ. ಒಳಗ ನೀವು ಕೆಮ್ಮಿದ್ದು ಕೇಳಿಸ್ತು... ಆಮ್ಯಾಲ ಯಾಕ ಬಂದೀನಿ ಅನ್ನೋದನ್ನ ಮರೆತೆ."

"ತಿಳಿದ ಮೇಲೂ ಯಾಕೆ ಹೇಳ್ಲಿಲ್ಲ? ನಾನು ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ ಗೊತ್ತಾ ನಿಮಗೆ?"

ಅವನು ತಕ್ಕಡಿಯ ಗಾಜಿನ ಬಾಗಿಲನ್ನು ಒರೆಸುವವನಂತೆ ಒರೆಸಿದ. "ನೀರಿನ ಮಾತು ಹೇಳಬೇಕಾದ್ರ, ಮೊದಲು ನಾ ನಿಮ್ಮ ಮೂಟಿ ತೂಗಿದ್ದು ಹೇಳಬೇಕಿತ್ತು. ನೀವು ಮತ್ತ ಆ ಬೆಂಚಿಗೆ ಬರಂಗಿಲ್ಲ ಅಂತ ಅಂಜಿದೆ."

ಅಲಮೇಲು ಎದ್ದಳು.

"ನಾನೂ ನಿಮ್ಮನ್ನ ಕಳ್ಳ ಅಂದುಕೊಂಡಿದ್ದೆ. ಅದ್ರಲ್ಲಿ ನಿಮ್ಮಷ್ಟೇ ತಪ್ಪು ನಂದೂ ಇದೆ. ಆದ್ರೆ ನನಗೆ ಗೊತ್ತಾದ ಗಳಿಗೇಲೇ ಬಂದು ಕೇಳಿದೆ. ನೀವು ಬರ್ಲಿಲ್ಲ."

*

ಯಜಮಾನರು ಒಪ್ಪಲಿಲ್ಲ. ಮೂಟೆಯೊಳಗಿನ ನೀರು ಎದ್ದು ಹೋಯಿತೆಂಬ ಮಾತು ಅವರಿಗೆ ಕಳ್ಳತನಕ್ಕಿಂತ ದೊಡ್ಡ ಮೋಸವಾಗಿ ಕಂಡಿತು. ಇಬ್ಬರೂ ಸೇರಿ ನಾಟಕ ಕಟ್ಟಿದ್ದೀರಿ ಎಂದೂ ಅಂದರು.

ಆಗ ಅಲಮೇಲು ಒಂದು ಪರೀಕ್ಷೆ ಮುಂದಿಟ್ಟಳು. ಮೂಟೆಯ ನಡುವಿನ ತಿಳಿ ಹರಳನ್ನು ಯಜಮಾನರೇ ತೆಗೆಯಲಿ, ಅವರೇ ಕುಟ್ಟಿ, ನೂರು ಗ್ರಾಂ ತೂಗಿ, ತಟ್ಟೆಯಲ್ಲಿ ಹರಡಲಿ. ತಟ್ಟೆ ಅವರ ಕೋಣೆಯಲ್ಲೇ ಇರಲಿ, ಕೀಲಿ ಅವರಲ್ಲೇ ಇರಲಿ. ತಾವಿಬ್ಬರೂ ಒಳಗೆ ಕಾಲಿಡುವುದಿಲ್ಲ. ಮಾರ್ಚ್ 31ರ ಬೆಳಿಗ್ಗೆ ಮತ್ತೆ ತೂಗುವುದು.

"ನೂರಕ್ಕೆ ನೂರು ಇದ್ರೆ ಅವತ್ತೇ ಕೀಲಿ ಕೊಟ್ಟು ಹೋಗ್ತೀನಿ. ಕಡಿಮೆ ಬಂದ್ರೆ ನೀವೇ ಖುದ್ದಾಗಿ ಮುನಿಗಂಗಪ್ಪನವರ ಮನೆಗೆ ಹೋಗ್ಬೇಕು, ಸರ್. ನಾನೂ ಬರ್ತೀನಿ. ನಾನೂ ಅವರನ್ನ ನಂಬಿರ್ಲಿಲ್ಲ."

ಜಯಸಿಂಹ ಕೋಣೆಯ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಆಗಲಿ ಎಂದರು.

ಆ ವಾರ ಹೇಗೆ ಕಳೆಯಿತೋ! ಪುಸ್ತಕದಲ್ಲಿ ಇರುವುದೆಲ್ಲ ತಟ್ಟೆಯಲ್ಲೂ ಆಗುತ್ತದೆಂದು ಯಾರು ಹೇಳಿದರು? ಯಾರಾದರೂ ಪುಡಿಯ ಮೇಲೆ ಇನ್ನಷ್ಟು ಪುಡಿ ಸುರಿದರೆ? ಅರವತ್ಮೂರು ಎಂದು ಅವನು ಹೇಳಿದ ಲೆಕ್ಕವೇ ಸುಳ್ಳಾದರೆ? ಅನುಮಾನ ಒಂದು ಸಲ ಮನೆ ಮಾಡಿದರೆ ಬಾಡಿಗೆ ಮನೆಯವರ ಹಾಗೆ ಹೇಳಿದ ದಿನ ಖಾಲಿ ಮಾಡುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು.

ಶನಿವಾರ ಸಂಜೆ ಬಸ್ ನಿಲ್ದಾಣದಲ್ಲಿ ಶಿವಶರಣಪ್ಪ ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ತನಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲವೆಂದ. ಅವಳನ್ನು ಮದುವೆಯಾಗಬೇಕೆಂದಿದೆ ಎಂದ. ತಾನು ಬಸವಣ್ಣನ ಮತದವನು, ಅವಳದು ಅಯ್ಯಂಗಾರ್ ಮನೆ, ಎರಡೂ ಕಡೆ ಸುಲಭವಲ್ಲವೆಂದು ಗೊತ್ತಿದೆ ಎಂದ. ಶಹಾಪುರದಲ್ಲಿರುವ ಅವ್ವನಿಗೆ ಆಗಲೇ ತಿಳಿಸಿದ್ದೇನೆ ಎಂದೂ ಹೇಳಿದ. ಇಷ್ಟನ್ನೂ ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಹೇಳಿದ.

ಅಲಮೇಲುವಿನ ಎದೆ ಹೌದು ಎನ್ನುತ್ತಿತ್ತು. ಬಾಯಿ ಹೇಳಿದ್ದು ಬೇರೆ.

"ತೂಕ ಆಗ್ಲಿ. ಆಮೇಲೆ ಹೇಳ್ತೀನಿ."

*

ಮಾರ್ಚ್ 31ರ ಬೆಳಿಗ್ಗೆ ಪ್ರಯೋಗಾಲಯದ ತಕ್ಕಡಿಯನ್ನು ಯಜಮಾನರ ಕೋಣೆಯ ಹೊರಗಿನ ಮೇಜಿನ ಮೇಲೆ ತಂದಿಟ್ಟಿದ್ದರು. ಸೊಣ್ಣಮ್ಮನೂ ಕೆಲಸದ ನಾಲ್ಕಾರು ಜನರೂ ದೂರದಲ್ಲಿ ಗುಂಪುಗೂಡಿದ್ದರು. ಜಯಸಿಂಹ ಬೀಗ ತೆಗೆದು ತಟ್ಟೆ ತರಲು ಒಳಗೆ ಹೋದರು.

ಮೇಜಿನ ಎರಡು ಬದಿಗೆ ಅವರಿಬ್ಬರೇ ಉಳಿದರು.

ಅಲಮೇಲು ಖಾಲಿ ತಕ್ಕಡಿಯನ್ನು ನೋಡಿದಳು. "ನೂರೇ ಬಂದ್ರೆ?" ಎಂದಳು ಮೆಲ್ಲಗೆ.

"ನೂರು ಬಂದ್ರ ನನ್ನ ಲೆಕ್ಕ ತಪ್ಪು" ಎಂದ ಅವನು. "ಎಲ್ಲಿ ತಪ್ಪಿದೆ ಅಂತ ಹುಡುಕ್ತೀನಿ. ನೀವು ತಗೊಂಡೀರಿ ಅಂತ ಮತ್ತ ಅನ್ಕೊಳ್ಳಂಗಿಲ್ಲ."

"ಪುರಾವೆ ಇಲ್ಲದೇನೇ?"

"ಪುರಾವೆ ಹಿಂದ ಹೋಗಿ ಒಂದ್ಸಲ ನಿಮ್ಮನ್ನ ಕಳ್ಕೊಂಡೆ, ಅಲಮೇಲು. ಇನ್ನೊಮ್ಮೆ ಆಗಂಗಿಲ್ಲ."

ಅವನು ಅವಳನ್ನು ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಅವನ ಮುಖವನ್ನು ಹುಡುಕಿ ನೋಡಿದಳು, ಇಷ್ಟು ದಿನ ನೋಡಿದಂತೆಯೇ, ಏನಾದರೂ ಬಚ್ಚಿಟ್ಟಿದೆಯೇ ಎಂದು. ಅಲ್ಲಿ ಅಂಜಿಕೆ ಇತ್ತು. ಅದನ್ನು ಅವನು ಬಚ್ಚಿಡಲು ಪ್ರಯತ್ನಿಸಿರಲಿಲ್ಲ.

ಒಳಗಿನಿಂದ ಯಜಮಾನರ ಹೆಜ್ಜೆ ಸದ್ದು ಹತ್ತಿರವಾಯಿತು. ಅಲಮೇಲುವಿಗೆ ಒಂದು ವಿಷಯ ಖಚಿತವಾಯಿತು: ಈ ಮಾತನ್ನು ತಕ್ಕಡಿ ಹೇಳುವ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ಅದಕ್ಕೆ ಬೆಲೆಯಿಲ್ಲ.

"ಭಾನುವಾರ ಯುಗಾದಿ. ಮನೆಗೆ ಬನ್ನಿ" ಎಂದಳು. "ಅಪ್ಪನ ಹತ್ರ ನಾನೇ ಮಾತಾಡಿರ್ತೀನಿ."

"ತೂಕ ಆಗ್ಲಿ ಅಂದಿದ್ರಿ..."

"ಅಂದಿದ್ದೆ. ಈಗ ಬೇಡ ಅನ್ನಿಸ್ತು."

ಅವನು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡ. "ಬರ್ತೀನಿ" ಎಂದ.

ಜಯಸಿಂಹ ತಟ್ಟೆಯನ್ನು ತಂದು ತಕ್ಕಡಿಯ ಎಡಗಡೆ ಇಟ್ಟರು. ಅದಕ್ಕೆ ಜೋಡಿಯಾದ ಖಾಲಿ ತಟ್ಟೆಯನ್ನು ಬಲಗಡೆ. ಹರಳು ಒಂದೂ ಇರಲಿಲ್ಲ. ತಟ್ಟೆಯ ತುಂಬ ಬಿಳಿ ಪುಡಿ. ಅವರು ನೂರು ಗ್ರಾಮಿನ ತೂಕದ ಬೊಟ್ಟು ಇಟ್ಟರು. ಬಲಗಡೆ ದಡಕ್ಕನೆ ಕೆಳಗಿಳಿಯಿತು. ಅದನ್ನು ತೆಗೆದು ಐವತ್ತು ಇಟ್ಟರು. ಅದೂ ಇಳಿಯಿತು. ಅವರ ಹುಬ್ಬು ಮೇಲೇರಿತು. ಐವತ್ತನ್ನು ತೆಗೆದು ಚಿಕ್ಕ ಬೊಟ್ಟುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದರು.

ಮುಳ್ಳು ಎರಡು ಸಲ ತೂಗಾಡಿ, ನಡುಗೆರೆಯ ಮೇಲೆ ನಿಂತಿತು.

"ಓದಮ್ಮ ಅಲಮೇಲು" ಎಂದರು ಯಜಮಾನರು. ಅವರ ದನಿ ಬದಲಾಗಿತ್ತು. "ನೀನೇ ಓದು, ಎಲ್ರಿಗೂ ಕೇಳೋ ಹಾಗೆ."

ಅವಳು ಬಾಗಿ ಬೊಟ್ಟುಗಳನ್ನು ಕೂಡಿದಳು. ಇಪ್ಪತ್ತು, ಇನ್ನೊಂದು ಇಪ್ಪತ್ತು, ಐದು, ಒಂದು.

"ನಲವತ್ತಾರು ಗ್ರಾಂ."